ವೈದ್ಯಕೀಯ ನಿರ್ಲಕ್ಷ್ಯದ ಕಾನೂನು: ಗ್ರಾಮೀಣ ಧಾರವಾಡ ಜಿಲ್ಲೆ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ರೋಗಿ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಯೂ ಆಗದಿದ್ದರೆ ‘ಹುಬ್ಬಳ್ಳಿಗೆ ಒಯ್ರಿ’ ಎಂಬ ಮಾತು. ಹುಬ್ಬಳ್ಳಿಯೆಂದರೆ 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾದ, ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿರುವ ಸರ್ಕಾರಿ ಆಸ್ಪತ್ರೆ. ಇಲ್ಲವೇ ಖಾಸಗಿ ನರ್ಸಿಂಗ್ ಹೋಮು. ದಾರಿ ಇಲ್ಲಿ ಎರಡಾಗುವಂತೆ ರೋಗಿಯ ಕಾನೂನುಬದ್ಧ ಹಕ್ಕೂ ಇಲ್ಲೇ ಎರಡಾಗುತ್ತದೆ. ಚಿಕಿತ್ಸೆಯಲ್ಲಿ ತಪ್ಪಾದರೆ ಯಾರ ಮುಂದೆ ನಿಲ್ಲಬಹುದು ಎಂಬುದನ್ನು ಆ ತಪ್ಪು ಎಷ್ಟು ದೊಡ್ಡದು ಎಂಬುದಕ್ಕಿಂತ ದುಡ್ಡು ಯಾರು ಕೊಟ್ಟರು ಎಂಬುದೇ ತೀರ್ಮಾನಿಸುತ್ತ ಬಂದಿದೆ. ಈ ಕಾನೂನಿನ ಇತಿಹಾಸವನ್ನು ಹಳ್ಳಿಯ ಕಡೆಯಿಂದ ಓದಿದಾಗ ಎದ್ದು ಕಾಣುವ ಸಂಗತಿ ಇದು.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ವೈದ್ಯರಿಗೆ ಅನ್ವಯಿಸುತ್ತದೆಯೇ ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ, ತೆರೆ ಎಳೆಯಿತು. ಶುಲ್ಕ ಪಡೆದು ಕೊಡುವ ಚಿಕಿತ್ಸೆ ಕಾಯ್ದೆಯ ಒಳಗೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಹೊರಗೆ, ನೋಂದಣಿ ಚೀಟಿಗೆ ಕೊಟ್ಟ ಪುಡಿಗಾಸು ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ಕೊಡುವಲ್ಲಿ ಮಾತ್ರ ಇಬ್ಬರಿಗೂ ಹಕ್ಕುಂಟು. ಹೊರಗುಳಿದವರಿಗೆ ನ್ಯಾಯವೇ ಇಲ್ಲವೆಂದಲ್ಲ, ಅವರಿಗೆ ಸಿವಿಲ್ ನ್ಯಾಯಾಲಯವಿದೆ. ಆದರೆ ಅದರ ವೇಗ ಎಂಥದು? ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 1963ರ ಜುಲೈನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದಾಗ ಹೊಟ್ಟೆಯೊಳಗೆ ಬಟ್ಟೆ ಉಳಿದು ತಾಯಿಯೊಬ್ಬಳು ಅದೇ ತಿಂಗಳು ತೀರಿಕೊಂಡಳು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಪರಿಹಾರ 36,000 ರೂಪಾಯಿ. ಅಚ್ಯುತರಾವ್ ಖೋಡವಾ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ರೋಗಿಗಳ ಗೆಲುವೆಂದು ಪಠ್ಯಗಳಲ್ಲಿ ಓದಿಸುತ್ತಾರೆ. ಮೂವತ್ತಮೂರು ವರ್ಷ ಹಿಡಿದ ಗೆಲುವದು.

ದುಡ್ಡಿನ ಈ ಗೆರೆಯನ್ನು ಮಸುಕಾಗಿಸಿದ್ದು ನ್ಯಾಯಾಲಯವಲ್ಲ, ಸಹಕಾರ ಸಂಘ. 2003ರಲ್ಲಿ ಕಾರ್ಯರೂಪಕ್ಕೆ ಬಂದ ಯಶಸ್ವಿನಿ ಯೋಜನೆಯಲ್ಲಿ ಗ್ರಾಮೀಣ ಸಹಕಾರಿ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಿತ್ತು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆ ಯಶಸ್ವಿನಿಯನ್ನು ಒಳಗೆ ಸೇರಿಸಿಕೊಂಡಿತು; ಆಯುಷ್ಮಾನ್ ಭಾರತದೊಂದಿಗೆ ಬೆರೆತ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗತೊಡಗಿತು. ಯಶಸ್ವಿನಿ ಮುಂದೆ ಮತ್ತೆ ಪ್ರತ್ಯೇಕವಾಗಿ ಜಾರಿಗೆ ಬಂತು. ವಿಮಾ ಕಂಪನಿ ವೆಚ್ಚ ಭರಿಸಿದರೆ ಅದು ಪುಕ್ಕಟೆ ಸೇವೆಯಲ್ಲ ಎಂದು ಶಾಂತಾ ತೀರ್ಪೇ ಹೇಳಿದೆ. ಆ ತರ್ಕದಂತೆ ನಡೆದರೆ, ಕಾರ್ಡು ತೋರಿಸಿ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡ ಕುಂದಗೋಳದ ಕೂಲಿಕಾರನೂ ಪೂರ್ಣ ಗ್ರಾಹಕನೇ. ಸರ್ಕಾರ ಪುಕ್ಕಟೆ ಮಾಡಿಸಿಕೊಟ್ಟಿದ್ದನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. 2019ರ ಹೊಸ ಗ್ರಾಹಕ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅದೂ ಎರಡು ವರ್ಷದೊಳಗೆ.

ಇಷ್ಟಾದರೂ ಅದೇ ಕೂಲಿಕಾರ ಸರ್ಕಾರಿ ಆಸ್ಪತ್ರೆಗೆ ಹೋದರೆ ಲೆಕ್ಕ ಬದಲಾಗುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ರೋಗಿಗಳ ಸನ್ನದನ್ನೂ ಜಿಲ್ಲಾ ಮಟ್ಟದ ಕುಂದುಕೊರತೆ ಪ್ರಾಧಿಕಾರವನ್ನೂ ಕೊಟ್ಟಿತು. ಸರ್ಕಾರಿ ಆಸ್ಪತ್ರೆಗಳನ್ನೂ ಇದರಡಿ ತರಬೇಕೆಂದು ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ ಹೇಳಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ. ಆ ನವೆಂಬರಿನಲ್ಲಿ ಮುಷ್ಕರ ಹೂಡಿದ ಖಾಸಗಿ ವೈದ್ಯರ ಬೇಡಿಕೆಗಳೆಲ್ಲ ನ್ಯಾಯವಾಗಿದ್ದವೆಂದು ಹೇಳಲಾಗದು. ಹಾಗಿದ್ದರೂ ನಿಯಮ ನಮಗಷ್ಟೇ ಯಾಕೆ ಎಂಬ ಅವರ ಪ್ರಶ್ನೆಗೆ ಸರ್ಕಾರದ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ (1996) ತೀರ್ಪಾಗಿದೆ. ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಹೋಗಬೇಕಾದ ಕಷ್ಟವೂ ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ ಬಂದ ಮೇಲೆ ತಪ್ಪಿದೆ. ಆದರೆ ಪ್ರತಿ ಗಾಯದ ಹೊಲಿಗೆಗೂ ರಿಟ್ ಹಾಕಲಾದೀತೇ?

ಸರ್ಕಾರಿ ವೈದ್ಯರನ್ನೂ ಈ ಹೊಣೆಗೆ ಒಳಪಡಿಸಿದರೆ ಅವರು ಹೆದರಿ ಎಲ್ಲರನ್ನೂ ಹುಬ್ಬಳ್ಳಿಗೆ ಕಳಿಸಿಬಿಡುತ್ತಾರೆ ಎಂಬ ಆಕ್ಷೇಪ ಹಗುರವಾದುದಲ್ಲ. ಅರಿವಳಿಕೆ ತಜ್ಞರಿಲ್ಲದ, ರಕ್ತ ಸಿಗದ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡದೆ ಕಳಿಸುವುದು ತಪ್ಪಲ್ಲ, ವಿವೇಕ. ಅಂಥ ವಿವೇಕಕ್ಕೆ ಕಾನೂನು ಈಗಾಗಲೇ ರಕ್ಷಣೆ ಕೊಟ್ಟಿದೆ: ಜೇಕಬ್ ಮ್ಯಾಥ್ಯೂ ತೀರ್ಪು (2005) ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲದೆಂದಿತು, ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಇತರರಿಗೆ ಐದು ವರ್ಷದವರೆಗೆ ಜೈಲು ಹೇಳಿದರೆ ನೋಂದಾಯಿತ ವೈದ್ಯರಿಗೆ ಎರಡೇ ವರ್ಷ. ಭಯಪಡಬೇಕಾದದ್ದು ಬೇರೆ ಕಡೆ ಇದೆ. ಸಮೀರಾ ಕೊಹ್ಲಿ ತೀರ್ಪು (2008) ತಪಾಸಣೆಗೆ ಕೊಟ್ಟ ಒಪ್ಪಿಗೆಯ ಬಲದ ಮೇಲೆ ಗರ್ಭಕೋಶ ತೆಗೆಯಲಾಗದು, ಎಚ್ಚರ ತಪ್ಪಿದ್ದ ರೋಗಿಯ ಪರವಾಗಿ ತಾಯಿ ಒಪ್ಪಿದರೂ ಸಾಲದು ಎಂದಿದೆ. ಇಂಗ್ಲಿಷ್ ಫಾರ್ಮಿನ ಮೇಲೆ ಗಂಡನದೋ ಅತ್ತೆಯದೋ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರೂಢಿ ಈ ತೀರ್ಪಿನ ಎದುರು ಒಂದು ದಿನವೂ ನಿಲ್ಲದು. ವೈದ್ಯಕೀಯ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಆ ಕಾಗದಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅವಿಲ್ಲದೆ ಯಾವ ನ್ಯಾಯಾಲಯದಲ್ಲೂ ವಾದ ಹೂಡುವುದು ಕಷ್ಟ.