ಚೋಮನ ದುಡಿಯೂ ಪುಣೆಯ ಕನ್ನಡ ಮಕ್ಕಳೂ

ಕನ್ನಡ ಕಾದಂಬರಿಯ ಬಾಲ್ಯಕ್ಕೂ ನಾವು ನೆಲೆಸಿರುವ ಈ ಪುಣೆ ಪಟ್ಟಣಕ್ಕೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಹರಿ ನಾರಾಯಣ ಆಪಟೆಯವರು ಇಲ್ಲಿಯ ಆನಂದಾಶ್ರಮದ ವ್ಯವಸ್ಥೆಯನ್ನು ನೋಡಿಕೊಳ್ಳುತ್ತ, 1890ರಿಂದ ‘ಕರಮಣೂಕ’ ವಾರಪತ್ರಿಕೆಯನ್ನು ನಡೆಸುತ್ತ, ಮರಾಠಿಯಲ್ಲಿ ಕಾದಂಬರಿಯ ಬೆಳೆಯನ್ನೇ ಬೆಳೆದರು. ಅವರ ‘ವಜ್ರಾಘಾತ’ವು ವಿಜಯನಗರದ ಪತನದ ಕಥೆ. ಅದನ್ನು ಗಳಗನಾಥರು ‘ಕನ್ನಡಿಗರ ಕರ್ಮಕಥೆ’ ಎಂಬ ಹೆಸರಿನಿಂದ ನಮ್ಮ ನುಡಿಗೆ ತಂದರು. ಹಾಳಾದುದು ನಮ್ಮ ಹಂಪೆ. ಆ ಹಾಳಿನ ಕಥೆ ಮಾತ್ರ ಪುಣೆಯಿಂದ ನಮ್ಮ ಮನೆಗೆ ಬಂದಿತು. ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಕನ್ನಡ ಸಾಲೆಯ ಮಾಸ್ತರರಾಗಿದ್ದವರು. ನೌಕರಿಯನ್ನು ಬಿಟ್ಟ ಮೇಲೆ ಬರೆದುದನ್ನು ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1923ರಲ್ಲಿ ಹೊರಬಂದ ಅವರ ‘ಮಾಧವ ಕರುಣಾವಿಲಾಸ’ವು ವಿಜಯನಗರದ ಸ್ಥಾಪನೆಯ ಕಥೆ.

ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯವೆಷ್ಟಿತ್ತೆಂಬುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಕಚೇರಿಯ ಕಾಗದ ಮರಾಠಿ, ನಾಟಕ ಮರಾಠಿ, ಕಾಲೇಜು ಕಲಿಯಬೇಕಾದರೆ ಪುಣೆಗೇ ಬರಬೇಕು. ಆಲೂರ ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತವರು. ಬೇಂದ್ರೆಯವರೂ ಅಲ್ಲಿಯ ವಿದ್ಯಾರ್ಥಿಗಳೇ. ಅಂದಿನ ಹುಡುಗರು ಗಳಗನಾಥರ ಕಾದಂಬರಿಗಳನ್ನು ಓದಿದುದು ಮಾಸ್ತರರು ನೇಮಿಸಿದರೆಂದಲ್ಲ. ಅದರ ಮೇಲೆ ಪ್ರಶ್ನೆಯಿರಲಿಲ್ಲ, ಅಂಕಗಳಿರಲಿಲ್ಲ. ನಮ್ಮವರೂ ಒಂದು ಕಾಲಕ್ಕೆ ದೊಡ್ಡವರಾಗಿದ್ದರು ಎಂಬ ಸುದ್ದಿಯೇ ಅವರಿಗೆ ಸಾಕಾಗಿತ್ತು.

ಆದರೆ ಆಪಟೆಯವರ ಇನ್ನೊಂದು ಮುಖವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ‘ಪಣ ಲಕ್ಷಾಂತ ಕೋಣ ಘೇತೋ’ ಎಂಬ ಅವರ ಕಾದಂಬರಿಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ಬಾಳಿನ ಸಂಕಟವನ್ನು ತಾನೇ ಹೇಳುತ್ತಾಳೆ. ನಮ್ಮ ಮಂಗಳೂರಿನಲ್ಲಿಯೂ 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯಲ್ಲಿ ವಿಧವೆಯ ವಿವಾಹವನ್ನು ಎತ್ತಿಕೊಂಡರು. ಹೀಗೆ ಅಭಿಮಾನದ ಕಾದಂಬರಿಯೂ ನಾಚಿಕೆಯ ಕಾದಂಬರಿಯೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. ಮಕ್ಕಳ ಕೈಗೆ ಕೊಡುವ ಹೊತ್ತಿಗೆ ಮಾತ್ರ ನಾವು ಮೊದಲನೆಯದನ್ನೇ ಹುಡುಕುತ್ತೇವೆ.

ಈ ಮಾತು ಬಂದುದಕ್ಕೆ ಕಾರಣವುಂಟು. ನಮ್ಮಲ್ಲಿಯ ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ, ಎಂದರೆ ಒಂಬತ್ತು, ಹತ್ತನೆಯ ಇಯತ್ತೆಯವರಿಗೆ, ಒಂದಾದರೂ ಇಡೀ ಕಾದಂಬರಿಯನ್ನು ಓದಿಸಬೇಕೆಂದು ಕಳೆದ ವರ್ಷ ನಿಶ್ಚಯವಾಯಿತು. ಹಿರಿಯರಲ್ಲಿ ಕೆಲವರು ಗಳಗನಾಥರನ್ನು ಸೂಚಿಸಿದರು. ಕಲಿಸುವ ಅಕ್ಕನವರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಆರಿಸಿದರು. ಪುಸ್ತಕ ಚಿಕ್ಕದು, ಭಾಷೆ ತೊಡಕಿಲ್ಲದ್ದು ಎಂಬುದು ಅವರು ಕೊಟ್ಟ ಕಾರಣ. ಬೇರೆ ಕಾರಣವೂ ಇದ್ದೀತೆಂದು ನಮ್ಮ ಗುಮಾನಿ.

ಓದು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಆರಂಭದಲ್ಲಿ ಬೇಸರವೇ ಹೆಚ್ಚು. ಗದ್ದೆ, ಧಣಿ, ಬುಟ್ಟಿ ಹೆಣೆಯುವುದು, ದುಡಿ ಬಡಿಯುವುದು, ಇವೊಂದೂ ಕೋಥರೂಡಿನಲ್ಲಿಯೋ ಹಡಪ್ಸರದಲ್ಲಿಯೋ ಬೆಳೆದ ಮಕ್ಕಳು ಕಂಡುದಲ್ಲ. ಬರೆದವರು ಉಡುಪಿಯ ಸೀಮೆಯವರು, ಕಥೆ ತುಳುನಾಡಿನದು; ಓದುವ ಮಕ್ಕಳ ಮನೆಮಾತು ಬೆಳಗಾವಿಯದು, ವಿಜಯಪುರದ್ದು, ಹೊರಗಿನ ಮಾತು ಮರಾಠಿ. ಒಂದು ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು: ಪಂಜುರ್ಲಿ. 2022ರಲ್ಲಿ ಬಂದ ‘ಕಾಂತಾರ’ ಚಿತ್ರವನ್ನು ನೋಡದ ಮಗುವೇ ಇರಲಿಲ್ಲ. ಈಗ ದೈವವು ಮೈದುಂಬಿ ಬಂದು ಧಣಿಗೆ ಬುದ್ಧಿ ಕಲಿಸುತ್ತದೆಂದು ಅವರು ಕಾದುಕೊಂಡು ಕುಳಿತರು. ಕಾರಂತರಲ್ಲಿ ನಡೆಯುವುದು ಅದಕ್ಕೆ ತಿರುಗುಮುರುಗು. ಉಳುವ ಭೂಮಿ ಸಿಕ್ಕೀತೆಂಬ ಆಸೆಯಿಂದ ಮತ ಬಿಡಲು ಹೊರಟ ಚೋಮನನ್ನು ಪಂಜುರ್ಲಿಯ ಭಯವೇ ಹಿಂದಕ್ಕೆ ಎಳೆಯುತ್ತದೆ. ಇಬ್ಬರು ಹುಡುಗರು ಇದು ಮೋಸವೆಂದು ಪುಸ್ತಕವನ್ನು ಅಲ್ಲಿಗೇ ಮುಚ್ಚಿದರು. ನಮಗೆ ಆ ಸಿಟ್ಟು ಬೇಸರಕ್ಕಿಂತ ಮೇಲೆನಿಸಿತು.

ಹೆಣ್ಣುಮಕ್ಕಳ ದೂರು ಬೇರೆ. ತೋಟದ ಸಾಲ ತೀರಿಸಲು ಘಟ್ಟ ಹತ್ತಿದವಳು ಬೆಳ್ಳಿ. ಆ ಸಾಲಕ್ಕೆ ಮೈಯನ್ನೇ ತೆತ್ತವಳು ಬೆಳ್ಳಿ. ಹೀಗಿರಲು ಪುಸ್ತಕಕ್ಕೆ ಅಪ್ಪನ ಹೆಸರೇಕೆ, ಎಲ್ಲರ ಕಣ್ಣೀರೂ ಅಪ್ಪನಿಗೇಕೆ ಎಂದು ಒಬ್ಬಳು ಕೇಳಿದಳು. ಅಕ್ಕನವರು ಅದನ್ನು ಹಲಗೆಯ ಮೇಲೆ ಬರೆದು ಹಾಗೆಯೇ ಬಿಟ್ಟರು. ಇನ್ನೊಬ್ಬ ಹುಡುಗನು ಸಾಲಕ್ಕೆ ಚೀಟಿ, ಪಾವತಿ ಏನೂ ಇಲ್ಲವೇ ಎಂದು ನಮ್ಮನ್ನೇ ಕೇಳಿದನು. ಬ್ಯಾಂಕಿನ ಗುಮಾಸ್ತರಾದ ನಮಗೆ ಬಡ್ಡಿಯ ಲೆಕ್ಕ ಬಲ್ಲ ಕಸುಬು. ಆದರೆ ಲೆಕ್ಕವೆಲ್ಲ ಒಬ್ಬನ ಪುಸ್ತಕದಲ್ಲಿಯೇ ಇದ್ದು, ಕೊಡಬೇಕಾದವನಿಗೆ ಅಕ್ಷರವೇ ಬಾರದಿರುವಾಗ ಬಡ್ಡಿಯ ದರವು ಎಷ್ಟೆಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಕಾನೂನು ಬಂದುದು 1976ರಲ್ಲಿ, ಪುಸ್ತಕ ಹೊರಬಂದ ನಾಲ್ವತ್ತಮೂರು ವರ್ಷಗಳ ತರುವಾಯ.

ಎಲ್ಲರೂ ಸುಮ್ಮನಾದುದು ನೀಲನು ಹೊಳೆಯಲ್ಲಿ ಮುಳುಗುವ ಕಡೆಯಲ್ಲಿ. ದಂಡೆಯ ಮೇಲೆ ಜನರಿದ್ದಾರೆ. ಮುಟ್ಟಬಾರದ ಜಾತಿಯವನೆಂದು ಹುಡುಗನನ್ನು ಯಾರೂ ಎತ್ತುವುದಿಲ್ಲ. “ಇದು ನಿಜವಾಗಿ ನಡೆದದ್ದೇ?” ಎಂದು ಕೇಳಿದವನಿಗೆ ಉತ್ತರ ಕೊಟ್ಟವನು ಅವನ ಪಕ್ಕದಲ್ಲಿಯೇ ಕುಳಿತಿದ್ದ ಹುಡುಗ. ಮಹಾಡದಲ್ಲಿ ಕೆರೆಯ ನೀರು ಮುಟ್ಟುವುದಕ್ಕೇ ಸತ್ಯಾಗ್ರಹ ಮಾಡಬೇಕಾಯಿತಲ್ಲ ಎಂದನು. ಅವನು ಅದನ್ನು ತನ್ನ ಮರಾಠಿ ಸಾಲೆಯಲ್ಲಿ ಕಲಿತಿದ್ದನು.

ಆ ಹುಡುಗನ ಮಾತು ನಮ್ಮನ್ನು ಇತಿಹಾಸದ ಪುಟಗಳಿಗೆ ಕಳುಹಿಸಿತು. ಮಹಾಡದ ಸತ್ಯಾಗ್ರಹ 1927ರದು. ಡಾಕ್ಟರ್ ಅಂಬೇಡಕರರೂ ಗಾಂಧೀಜಿಯವರೂ ಮಾಡಿಕೊಂಡ ಪುಣೆ ಒಪ್ಪಂದಕ್ಕೆ ಇಲ್ಲಿಯ ಯೆರವಡಾ ಸೆರೆಮನೆಯಲ್ಲಿ ಸಹಿ ಬಿದ್ದುದು 1932ನೆಯ ಸಪ್ಟಂಬರ 24ರಂದು. ‘ಚೋಮನ ದುಡಿ’ ಹೊರಬಂದುದು ಮರುವರ್ಷ, 1933ರಲ್ಲಿ. ನಾವು ದಿನವೂ ಬಸ್ಸಿನಲ್ಲಿ ಹಾಯ್ದುಹೋಗುವ ಯೆರವಡೆಗೂ ಕಾರಂತರು ಕುಳಿತು ಬರೆದ ಪುತ್ತೂರಿಗೂ ನಡುವೆ ನೂರಾರು ಮೈಲಿಗಳಿದ್ದರೂ, ನಾಡಿನ ಎದುರಿಗಿದ್ದ ಪ್ರಶ್ನೆ ಒಂದೇ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಿಂದಲೇ ದಲಿತ ಮಕ್ಕಳ ವಿದ್ಯಾಭ್ಯಾಸದ ಕೆಲಸವನ್ನು ಕೈಕೊಂಡಿದ್ದರು. ಪುಣೆಯಲ್ಲಿ ಆ ಕೆಲಸಕ್ಕೆ ಬಾಳನ್ನು ಸವೆಸಿದ ವಿಠ್ಠಲ ರಾಮಜಿ ಶಿಂದೆಯವರು ಹುಟ್ಟಿದುದು ನಮ್ಮ ಜಮಖಂಡಿಯಲ್ಲಿ. ಕನ್ನಡ ಬಲ್ಲವರು, ಕನ್ನಡ ಮರಾಠಿಗಳ ಸಂಬಂಧವನ್ನು ಕುರಿತು ಬರೆದವರು. 1906ರಲ್ಲಿ ಅವರು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ರಾಜ್ಯೋತ್ಸವದ ವೇದಿಕೆಗಳಲ್ಲಿ ಪುಣೆಗೆ ಬಂದ ಕನ್ನಡಿಗರ ಹೆಸರುಗಳನ್ನು ಓದುವಾಗ ಶಿಂದೆಯವರ ಹೆಸರು ಕೇಳಿಬರುವುದು ಅಪರೂಪ.

ಮಕ್ಕಳಲ್ಲಿ ಒಬ್ಬನು ಚೋಮನು ಇನ್ನೂ ನಾಲ್ವತ್ತು ವರ್ಷ ಬದುಕಿದ್ದರೆ ಹೊಲ ಸಿಗುತ್ತಿತ್ತೇ ಎಂದು ಕೇಳಿದನು. ನಾವು ಸಿಗುತ್ತಿತ್ತೆಂದು ಹೇಳಿಬಿಡಬಹುದಾಗಿತ್ತು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ಕಾನೂನು ಬಿಗಿಯಾಯಿತು. ಉಳುವವನೇ ಹೊಲದೊಡೆಯನೆಂಬ ಮಾತು ಮನೆಮಾತಾಯಿತು. ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರಿಗೆ ಭೂಮಿ ದೊರೆಯಿತು. ಆದರೆ ಭೂಮಿ ದೊರೆತುದು ಗೇಣಿಗೆ ಉಳುತ್ತಿದ್ದವನಿಗೆ. ಚೋಮನಿಗೆ ಗೇಣಿಯನ್ನೇ ಕೊಟ್ಟಿರಲಿಲ್ಲ. ಸಂಕಪ್ಪಯ್ಯನ ಮನಸ್ಸು ಅಷ್ಟಿಷ್ಟು ಕರಗಿದರೂ ಅವನ ತಾಯಿ ಒಪ್ಪಲಿಲ್ಲ. ಮನೆಯ ಎತ್ತುಗಳು ಕಟ್ಟಿದಲ್ಲಿಯೇ ಉಳಿದವು, ನೇಗಿಲು ಹೊಲ ಕಾಣಲಿಲ್ಲ. ಕಾನೂನಿನ ಕಣ್ಣಿಗೆ ಅವನು ಉಳುವವನಲ್ಲ, ಕೂಲಿ. ಇದನ್ನು ಹೇಳಿದಾಗ ಹುಡುಗನಿಗೆ ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ತಂದೆತಾಯಿಗಳಲ್ಲಿಯೂ ಎರಡು ಪಂಗಡಗಳಾದವು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡವೆಂದರೆ ಹೆಮ್ಮೆ ಹುಟ್ಟಬೇಕು, ಮೊದಲನೆಯ ಪುಸ್ತಕದಲ್ಲಿಯೇ ನಮ್ಮ ಹುಳುಕನ್ನು ತೋರಿಸುವುದೇಕೆ ಎಂದು ಕೆಲವರು ಕೇಳಿದರು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮರಾಠಿ ಹುಡುಗರ ನಡುವೆ ಶಿವಾಜಿ ಮಹಾರಾಜರ ಕಥೆ ಕೇಳಿ ಬೆಳೆಯುವ ಮಗುವಿಗೆ ಹಕ್ಕಬುಕ್ಕರೂ ಬೇಕು. ಆದರೆ ಹೆಮ್ಮೆಪಡುವಾಗ ‘ನಾವು ಕನ್ನಡಿಗರು’ ಎನ್ನುವವರು ನೀಲನು ಮುಳುಗುವಾಗ ‘ಅವರು ಆ ಕಾಲದವರು’ ಎಂದು ಜಾರಿಕೊಳ್ಳುವುದು ಸರಿಕಾಣದು. ಹುಡುಗನೊಬ್ಬನು, ಚೋಮ ಊರು ಬಿಟ್ಟು ಬರಬಹುದಿತ್ತಲ್ಲ, ನಮ್ಮ ಅಜ್ಜ ಬರಲಿಲ್ಲವೇ ಎಂದು ಕೇಳಿದ್ದನು. ಅಜ್ಜ ಬಂದಾಗ ಕೈಯಲ್ಲಿ ಮೆಟ್ರಿಕ್ ಸರ್ಟಿಫಿಕೇಟು ಇತ್ತು, ಇಳಿದುಕೊಳ್ಳಲು ಸೋದರಮಾವನ ಮನೆ ಇತ್ತು. ಏನೂ ಇಲ್ಲದೆ ಬರುವವರೂ ಉಂಟು. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಈ ನಗರದ ಕಟ್ಟಡಗಳ ಮೇಲೆ ಇಟ್ಟಿಗೆ ಹೊರುವವರು ಆಡುವುದು ಕನ್ನಡವೇ. ನಮ್ಮ ಸಮಾರಂಭಗಳ ಕುರ್ಚಿಗಳಲ್ಲಿ ಅವರನ್ನು ಎಷ್ಟು ಜನ ಕಂಡಿದ್ದೇವೆ?

ಪುಸ್ತಕ ಮುಗಿದ ಮೇಲೆ ಮಕ್ಕಳಿಗೆ 1975ರ ಚಲನಚಿತ್ರವನ್ನು ತೋರಿಸಲಾಯಿತು. ಬಿ. ವಿ. ಕಾರಂತರು ನಿರ್ದೇಶಿಸಿದ ಆ ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಪುಸ್ತಕವನ್ನು ಮುಚ್ಚಿಟ್ಟಿದ್ದ ಇಬ್ಬರಲ್ಲಿ ಒಬ್ಬನು ಕೊನೆಯವರೆಗೂ ಕುಳಿತನು. ಇನ್ನೊಬ್ಬನು ಚಿತ್ರವೂ ನಿಧಾನವೆಂದು ಎದ್ದುಹೋದನು.

ಮಹಾಡದ ಮಾತೆತ್ತಿದ ಹುಡುಗನದು ಕಡೆಯ ತಕರಾರು. ಚೋಮನ ಕಥೆಯನ್ನು ಚೋಮನ ಕಡೆಯವರು ಬರೆದಿದ್ದರೆ ಅವನು ಬಾಗಿಲು ಮುಚ್ಚಿಕೊಂಡು ದುಡಿ ಬಡಿಯುತ್ತ ಸಾಯುತ್ತಿದ್ದನೇ ಎಂಬುದು. ದೊಡ್ಡವರ ಲೋಕದಲ್ಲಿ ಈ ತಕರಾರು ಹಳೆಯದು. 1973ರ ನವೆಂಬರದಲ್ಲಿ, ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ತಿಂಗಳಲ್ಲಿಯೇ, ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂದುದಕ್ಕೆ ನಾಡೆಲ್ಲ ಗದ್ದಲವೆದ್ದು ಅವರು ಅಧಿಕಾರವನ್ನೇ ಬಿಡಬೇಕಾಯಿತು. ಆ ಬಳಿಕ ಬರೆಯತೊಡಗಿದ ದಲಿತ ಲೇಖಕರು ಅನುಕಂಪವನ್ನು ಬೇಡದೆ ತಮ್ಮ ಮನೆಯೊಳಗಿನ ಮಾತನ್ನೇ ಆಡಿದರು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಸಾಕವ್ವನು ಯಾರ ಕಣ್ಣೀರಿಗೂ ಕಾಯುವವಳಲ್ಲ. ಅಕ್ಕನವರು ಈ ವರ್ಷಕ್ಕೆ ಅದನ್ನೇ ಆರಿಸಿದ್ದಾರೆ. ಅದರ ಮಾತು ಮೈಸೂರು ಸೀಮೆಯ ಆಡುನುಡಿ, ಉತ್ತರದ ಕಡೆಯ ನಮಗೇ ಮೊದಲಿಗೆ ತಡವರಿಸುವಂತಹುದು. ಆದುದರಿಂದ ಗಟ್ಟಿಯಾಗಿ ಓದಿ ಹೇಳಲು ಆ ಸೀಮೆಯವರು ಯಾರಾದರೂ ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದರೆ ಮಕ್ಕಳಿಗೆ ಉಪಕಾರವಾಗುವುದು.