ಅರಸರು ಯಾಕೆ ಬಗ್ಗುತ್ತಾರೆ?

ನಮ್ಮ ಕುಲಗೋಡ ಅಂದ್ರೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಸತ್ಯಭಾಮೆಯ ಮುನಿಸಿನ ಮುಂದೆ ಕೃಷ್ಣ ಬಗ್ಗೋದನ್ನ ಆಟದಲ್ಲಿ ನೋಡುತ್ತಾ ಬೆಳೆದವರು ನಾವು. ಆದ್ರೆ ನಿಜವಾದ ಅರಸರು ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ ನೋಡಿ.

ಮೊನ್ನೆ ಮೈಸೂರಿನ ಗೆಳೆಯನೊಬ್ಬ ಮಾತಿನ ನಡುವೆ, "ನಮ್ಮ ಮಹಾರಾಜರು ದೊಡ್ಡ ಮನಸ್ಸಿನವರು, ತಾವಾಗಿಯೇ ಅಧಿಕಾರ ಬಿಟ್ಟುಕೊಟ್ಟರು" ಅಂದ. ನನಗೆ ತಕ್ಷಣ ನೆನಪಾದದ್ದು ನಮ್ಮ ಕಡೆಯ ರಾಮದುರ್ಗ. 1939ರ ಏಪ್ರಿಲ್‌ನಲ್ಲಿ ಪ್ರಜಾ ಸಂಘದವರನ್ನ ಬಂಧಿಸಿದ್ದಕ್ಕೆ ಜನ ರೊಚ್ಚಿಗೆದ್ದು ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು, ಆಮೇಲೆ ಹೋರಾಟಗಾರರಿಗೆ ಗಲ್ಲು ಶಿಕ್ಷೆಯೂ ಆಯಿತು. ಅಂಥಾ ಪುಟ್ಟ ಸಂಸ್ಥಾನ, ಆದರೂ 1948ರವರೆಗೆ ಉಳಿಯಿತು. ಯಾಕೆ? ಬೆನ್ನಿಗೆ ಬ್ರಿಟಿಷರಿದ್ದರು.

ಮೈಸೂರಿನದ್ದೂ ಮೊದಲು ಇದೇ ಕತೆ. ಅಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಆದ್ರೆ ಅಲ್ಲಿ ಮಾತಾಡಬಹುದಿತ್ತು ಅಷ್ಟೆ, ದಿವಾನರನ್ನ ಇಳಿಸೋ ಅಧಿಕಾರ ಇರಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಅಷ್ಟಾದರೂ ಜವಾಬ್ದಾರಿ ಸರ್ಕಾರ ಸಿಗಲಿಲ್ಲ.

ಹಾಗಾದ್ರೆ 1947ರಲ್ಲಿ ಬದಲಾದದ್ದು ಏನು? ಜಯಚಾಮರಾಜ ಒಡೆಯರಿಗೆ ಆಗ 28 ವರ್ಷ. ಆಗಸ್ಟ್ 9ರಂದು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. 15ಕ್ಕೆ ಬ್ರಿಟಿಷರ ಕಾವಲು ಮುಗಿಯಿತು. ಸೆಪ್ಟೆಂಬರ್ 1ಕ್ಕೆ ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ 'ಮೈಸೂರು ಚಲೋ' ಶುರು. ದೆಹಲಿಯಲ್ಲಿ ಆಳುತ್ತಿದ್ದದ್ದು ಕಾಂಗ್ರೆಸ್, ಮೈಸೂರಿನ ಬೀದಿಯಲ್ಲಿ ಇದ್ದದ್ದೂ ಕಾಂಗ್ರೆಸ್! ಇನ್ನು ಅರಮನೆಯ ನೆರವಿಗೆ ಬರೋರು ಯಾರು?

ಇನ್ನೊಂದು ಸೂಕ್ಷ್ಮ ಇದೆ. ಜನ ಕೂಗಿದ್ದು 'ಆರ್ಕಾಟ್ ಬಾಯ್ಕಾಟ್' ಅಂತ. ಸಿಟ್ಟೆಲ್ಲ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಮೇಲೆ. ಅಂದ್ರೆ ಸಿಂಹಾಸನ ಉಳಿಸಿಕೊಂಡೇ ಅಧಿಕಾರ ಬಿಡೋ ದಾರಿ ಅರಸರಿಗೆ ಇನ್ನೂ ತೆರೆದಿತ್ತು. ಆದ್ರೆ ತಡ ಮಾಡಿದಷ್ಟೂ ಆ ಸಿಟ್ಟು ಅರಮನೆಯತ್ತ ತಿರುಗೋ ಅಪಾಯ. ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇವತ್ತಿನ ರಾಮಸ್ವಾಮಿ ವೃತ್ತ ಅವನ ಹೆಸರಿನದ್ದೇ. ಅಕ್ಟೋಬರ್ 12ಕ್ಕೆ ಒಪ್ಪಂದ ಆಯಿತು. ಅದೇ ತಿಂಗಳು ರೆಡ್ಡಿಯವರು ಮುಖ್ಯಮಂತ್ರಿಯಾದರು.

ಹಾಗಂತ ಒಪ್ಪಿದವರೆಲ್ಲ ಉಳಿಯೋದಿಲ್ಲ. ಫ್ರಾನ್ಸಿನ ಹದಿನಾರನೇ ಲೂಯಿ 1791ರ ಜೂನ್‌ನಲ್ಲಿ ಓಡಿಹೋಗಲು ನೋಡಿ ಸಿಕ್ಕಿಬಿದ್ದ, ಸೆಪ್ಟೆಂಬರ್‌ನಲ್ಲಿ ಸಂವಿಧಾನಕ್ಕೆ ಒಪ್ಪಿದ. ಅವನ ಒಪ್ಪಿಗೆಯನ್ನ ಯಾರು ನಂಬಬೇಕು? 1793ರ ಜನವರಿಯಲ್ಲಿ ತಲೆ ಹೋಯಿತು. ಇತ್ತ ಪಕ್ಕದ ಹೈದರಾಬಾದಿನ ನಿಜಾಮ ಬಗ್ಗಲೇ ಇಲ್ಲ, 1948ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಬಂತು. ಅಷ್ಟರೊಳಗೆ ಬೀದರ, ಕಲಬುರಗಿ, ರಾಯಚೂರು ಕಡೆಯ ಜನ ರಜಾಕಾರರ ಕೈಯಲ್ಲಿ ನಲುಗಿಹೋಗಿದ್ದರು. ಅರಸನ ಹಟಕ್ಕೆ ಬೆಲೆ ತೆತ್ತವರು ಅವರು.

ಒಡೆಯರ ದೊಡ್ಡತನ ಇರೋದು ಕೊಟ್ಟದ್ದರಲ್ಲಿ ಅಲ್ಲ, ಕೊಟ್ಟದ್ದನ್ನ ಮತ್ತೆ ಕಸಿದುಕೊಳ್ಳೋಕೆ ಹೋಗದೇ ಇದ್ದದ್ದರಲ್ಲಿ ಅಂತ ನನಗನಿಸುತ್ತೆ. ಮುಂದೆ ಅವರು ರಾಜಪ್ರಮುಖರಾದರು, 1956ರಲ್ಲಿ ನಮ್ಮ ಬೆಳಗಾವಿಯೂ ಸೇರಿದ ಹೊಸ ರಾಜ್ಯಕ್ಕೆ ರಾಜ್ಯಪಾಲರೂ ಆದರು. ಹಾಗಾಗಿ ಅವರಿಗೊಂದು ನಮಸ್ಕಾರ ಖಂಡಿತ ಸಲ್ಲಬೇಕು.

ಆದ್ರೆ 'ತಾವಾಗಿಯೇ ಕೊಟ್ಟರು' ಅಂದುಬಿಟ್ಟರೆ ಆ ವೃತ್ತದಲ್ಲಿ ಬಿದ್ದ ಹುಡುಗನನ್ನ ಮರೆತ ಹಾಗೆ ಅಲ್ವಾ? ನೀವೇನಂತೀರಿ?