ಕೋಲಾರ ಸೀಮೆಯ ಕಾಲುದಾರಿಗಳು ಮತ್ತು ಗ್ರಾಮಸ್ಥರ ಶ್ರಮದಾನ

ಶಾಸನಗಳಲ್ಲಿ ಕುವಳಾಲಪುರವೆಂದು ಕರೆಯಿಸಿಕೊಂಡಿರುವ ಕೋಲಾರವು ಗಂಗರ ಮೊದಲ ರಾಜಧಾನಿ. ತಲಕಾಡಿಗೆ ತೆರಳಿದ ಅನಂತರವೂ ಆ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಅರಸರ ಚರಿತ್ರೆಗೆ ಶಿಲಾಶಾಸನಗಳ ಆಧಾರವುಂಟು. ಅವರ ಪ್ರಜೆಗಳು ಊರಿಂದೂರಿಗೆ, ಸಂತೆಯಿಂದ ಸಂತೆಗೆ ನಡೆದ ಕಾಲುದಾರಿಗಳ ಚರಿತ್ರೆಯನ್ನಾದರೋ ಬರೆದಿಟ್ಟವರು ವಿರಳ.

ಜೈನಸಮಾಜಕ್ಕೆ ಈ ವಿಷಯವು ಹೊರಗಿನದಲ್ಲ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಬರಿಗಾಲಿನಲ್ಲಿ ವಿಹರಿಸುವರು. ಹಸಿರು ಹುಲ್ಲಿನ ಮೇಲೆ ಅವರು ಅಡಿಯಿಡುವಂತಿಲ್ಲ. ಬಂಡಿಗಳೂ ದನಕರುಗಳೂ ಜನರೂ ಪದೇ ಪದೇ ತುಳಿದು ನಡೆದ ದಾರಿಯೇ ಪ್ರಾಸುಕವೆಂದು ‘ಮೂಲಾಚಾರ’ದಲ್ಲಿ ಹೇಳಿದೆ. ಎಂದಮೇಲೆ, ರೈತನೂ ದನಗಾಹಿಯೂ ನಿತ್ಯ ನಡೆಯುವುದರಿಂದಲೇ ಮುನಿವಿಹಾರಕ್ಕೆ ಯೋಗ್ಯವಾದ ಮಾರ್ಗವು ಸಿದ್ಧವಾಗುತ್ತಿತ್ತು. ಅವರು ನಡೆಯುವುದನ್ನು ಬಿಟ್ಟರೆ ಮುನಿಗಳಿಗೂ ಆ ದಾರಿ ಮುಚ್ಚಿದಂತೆಯೇ.

ಮುಚ್ಚಿದ್ದು ಹೇಗೆ? 1864ರಲ್ಲಿ ಮಾಲೂರಿನ ಮೇಲೆ ಮದರಾಸು–ಬೆಂಗಳೂರು ರೈಲು ಓಡಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಕಿರುರೈಲು ಬಂದಿತು. ಮುಂದೆ ಬಸ್ಸುಗಳೂ ಬಂದುವು. ಇನ್ನೊಂದೆಡೆ, 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿದ ಲಂಟಾನವು ದಕ್ಷಿಣದ ಗುಡ್ಡಗಳನ್ನೆಲ್ಲ ಆವರಿಸಿತು. ಅದಕ್ಕೆ ಪಾಪಾಸುಕಳ್ಳಿಯೂ ಜೊತೆಯಾಯಿತು.

ಇದಕ್ಕೆ ಪರಿಹಾರವು ಹಳೆಯ ಮೈಸೂರು ಸಂಸ್ಥಾನದಲ್ಲಿಯೇ ಆರಂಭವಾಗಿತ್ತು. ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ಗ್ರಾಮೋದ್ಧಾರ ಯೋಜನೆಯು ಜಾರಿಗೆ ಬಂದಿತು. ವಾರಕ್ಕೆ ಅರ್ಧ ದಿನ ಊರವರೆಲ್ಲ ಕೂಡಿ ಕೂಲಿಯಿಲ್ಲದೆ ಊರ ಕೆಲಸ ಮಾಡಬೇಕೆಂಬುದು ಅದರ ಒಂದು ಅಂಗ. ಹಳ್ಳಿಯ ದಾರಿಗಳನ್ನು ಸರಿಪಡಿಸುವುದು, ಲಂಟಾನ ಮತ್ತು ಕಳ್ಳಿಗಳನ್ನು ಕಡಿದು ತೆಗೆಯುವುದು ಆ ಕೆಲಸಗಳಲ್ಲಿ ಸೇರಿದ್ದುವು. ಬಿಟ್ಟಿ ದುಡಿಮೆಯ ಕಹಿಯನ್ನು ಬಲ್ಲ ರೈತನಿಗೆ ಸರ್ಕಾರದ ಬಾಯಿಂದ ಬಂದ ಈ ಮಾತು ಸಂಶಯಾಸ್ಪದವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಪ್ಪಣೆಗೆ ಅಂಜಿ ಹಿಡಿದ ಕುಡುಗೋಲಿಗೂ ತನ್ನ ದಾರಿಯೆಂದು ಹಿಡಿದ ಕುಡುಗೋಲಿಗೂ ಅಂತರವುಂಟಷ್ಟೆ! ಆದರೂ ಅರ್ಧ ದಿನವೆಂಬ ಮಿತಿಯಿಟ್ಟದ್ದು ವಿವೇಕದ ಕಾರ್ಯ. ಹೊಲದ ಕೆಲಸ ಕೆಡದಂತೆ ಊರ ಕೆಲಸವೂ ಸಾಗಬಹುದಾಗಿತ್ತು. ಸ್ವಾತಂತ್ರ್ಯಾನಂತರ, 1952ರ ಅಕ್ಟೋಬರ್ 2ರಂದು ಪ್ರಾರಂಭವಾದ ಸಮುದಾಯಾಭಿವೃದ್ಧಿ ಕಾರ್ಯಕ್ರಮದಲ್ಲಿ ಇದೇ ಭಾವನೆಯು ಶ್ರಮದಾನವೆಂಬ ಹೆಸರು ಪಡೆಯಿತು. 1969ರಿಂದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೂ ಹಳ್ಳಿಗಳಲ್ಲಿ ಶಿಬಿರ ಹೂಡಿ ಗುದ್ದಲಿ ಹಿಡಿದರು.

ಕಾಲುದಾರಿಗೆ ಹಕ್ಕಿನ ಬಲವೂ ಇದೆ. ಗ್ರಾಮನಕಾಶೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಿದ ದಾರಿಗಳನ್ನು ‘ನಕಾಶೆ ಕಂಡ ದಾರಿ’ಯೆಂದು ಜನರು ಇಂದಿಗೂ ಎತ್ತಿ ಹೇಳುವುದುಂಟು. ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತೆಂದು 1964ರ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣವು ಹೇಳುತ್ತದೆ. ಇಂಗ್ಲೆಂಡಿನಲ್ಲಿಯೂ 1949ರ ಕಾಯಿದೆಯ ಮೇರೆಗೆ ಕಾಲುದಾರಿಗಳ ನಕಾಶೆಗಳನ್ನು ತಯಾರಿಸಲಾಯಿತು. ಅಲ್ಲಿ ಸ್ವಯಂಸೇವಕರ ತಂಡಗಳು ಮುಳ್ಳುಪೊದೆ ಸವರಿ ದಾರಿಗಳನ್ನು ಕಾಯುತ್ತಿವೆ. ನಕಾಶೆಯಲ್ಲಿ ಗೆರೆಯಿದ್ದು ನೆಲದ ಮೇಲೆ ಪೊದೆಯಿದ್ದರೆ ನಡೆಯುವವನಿಗೆ ಏನು ಪ್ರಯೋಜನ?

ಪೊದೆ ಕಡಿಯುವುದರಲ್ಲಿಯೂ ಹಿಂಸೆಯಿಲ್ಲವೆ ಎಂಬ ಶ್ರಾವಕರ ಶಂಕೆ ಉಚಿತವಾದುದೇ. ಗೃಹಸ್ಥರ ಆರಂಭಕಾರ್ಯಗಳಲ್ಲಿ ಅದು ಪೂರ್ಣವಾಗಿ ತಪ್ಪದಿದ್ದರೂ ಯತ್ನಾಚಾರದಿಂದ ತಗ್ಗಿಸಬಹುದು. ಬೆಂಕಿಯಿಟ್ಟರೆ ಪೊದೆಯೊಡನೆ ಗೂಡು, ಮೊಟ್ಟೆ, ಹುಳುಗಳೂ ಸುಡುವುವು. ಮಳೆ ಬಿದ್ದ ಮೇಲೆ ಕೆಲಸಕ್ಕೆ ತೊಡಗಿದರೆ ಜೀವರಾಶಿ ಹೆಚ್ಚು. ಆದ್ದರಿಂದ ಬೇಸಗೆಯಲ್ಲಿ, ನೋಡಿ ನೋಡಿ, ಕೈಯಿಂದಲೇ ತೆಗೆಯುವುದು ಮೇಲು. ಲಂಟಾನವನ್ನು ಬುಡದ ಮೇಲಕ್ಕೆ ಕಡಿದರೆ ಮತ್ತೆ ಚಿಗುರುವುದು; ಬೇರನ್ನು ಅಗೆದು ತೆಗೆಯಬೇಕು, ಮರುವರ್ಷವೂ ಅದೇ ದಾರಿಗೆ ಬಂದು ನೋಡಬೇಕು.